ಬೆಣೆ ಹಾಕಿ ಅಗಲ ಮಾಡಿದ ಸ್ಕೀ ಬೂಟು: ನನ್ನ ಅನುಭವ

ಈ ಫೆಬ್ರವರಿಯಲ್ಲಿ ಒಂದು ಶನಿವಾರ ಅಮೆರಿಕದ ಯೂಟಾದಲ್ಲಿರುವ ಸ್ಕೀ ತಾಣ ಬ್ರೈಟನ್‌ನಲ್ಲಿ ಬೆಳಿಗ್ಗೆ 9ಕ್ಕೆ ಬೂಟಿನ ಬಕಲ್ ಹಾಕಿದವನು ಸಂಜೆ 4ಕ್ಕೆ ಕಾರಿನ ಹತ್ತಿರ ಬಂದ ಮೇಲೆಯೇ ತೆಗೆದೆ. ಮಧ್ಯೆ ಒಂದು ಸಲವೂ ಸಡಿಲ ಮಾಡಲಿಲ್ಲ. ಸ್ಕೀ ಮಾಡುವವರಿಗೆ ಇದರ ಅರ್ಥ ಗೊತ್ತು. ಅದಕ್ಕೂ ಹಿಂದಿನ ನಾಲ್ಕು ಚಳಿಗಾಲ ನಾನು ಗುಡ್ಡ ಹತ್ತಿಸುವ ಲಿಫ್ಟ್‌ನಲ್ಲಿ ಕೂತ ತಕ್ಷಣ ಬಗ್ಗಿ ಬಕಲ್ ಬಿಚ್ಚುತ್ತಿದ್ದೆ. ಮೇಲೆ ಹೋಗಿ ಹಲ್ಲು ಕಚ್ಚಿಕೊಂಡು ಮತ್ತೆ ಹಾಕುತ್ತಿದ್ದೆ.

ನನ್ನ ಪಾದದ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಉದ್ದ ಸುಮಾರು 262 ಮಿ.ಮೀ. ನಿಂತಾಗ ಅಗಲ 109. ಹಿಮ್ಮಡಿ ಮಾತ್ರ ಸಣ್ಣದು. ಶಿರಸಿ ಕಡೆಯ ಹಳ್ಳಿಯಲ್ಲಿ ಹೈಸ್ಕೂಲಿನವರೆಗೂ ಹೆಚ್ಚಾಗಿ ಬರಿಗಾಲಲ್ಲೇ ಓಡಾಡಿದ ಕಾಲು ಇದು. ಹಾಗೆ ಬೆಳೆದವರ ಬೆರಳುಗಳು ಬೀಸಣಿಗೆಯ ಹಾಗೆ ಹರಡಿರುತ್ತವೆ. ನನ್ನ ಕಿರುಬೆರಳಂತೂ ಉಳಿದ ನಾಲ್ಕರ ಜೊತೆ ಸೇರುವುದೇ ಇಲ್ಲ. ಈ ಕಾಲು ತೆಗೆದುಕೊಂಡು ಸಾಲ್ಟ್ ಲೇಕ್ ಸಿಟಿಗೆ ಬಂದು, 34ನೇ ವಯಸ್ಸಿನಲ್ಲಿ ಸ್ಕೀ ಕಲಿತೆ. ಬೂಟಿನ ಮೇಲೆ 100 ಅಂತ ಬರೆದಿದ್ದರೆ ಅದು 26.5 ಸೈಜಿಗೆ (ಪಾದದ ಉದ್ದ ಸೆಂ.ಮೀ.ನಲ್ಲಿ) ಅಳೆದ ಅಗಲ, ಮಿ.ಮೀ.ನಲ್ಲಿ. ಅದರೊಳಗೆ 109 ಇಡಬೇಕು!

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಅಗಲ ಸಾಲದು ಅಂತ ಒಂದು ಸೈಜ್ ದೊಡ್ಡದು ಕೊಂಡೆ. 27.5, ಅಗಲದ ಮಾಡೆಲ್, 450 ಡಾಲರ್ ಹತ್ತಿರ. ಅಂಗಡಿಯಲ್ಲಿ ಹಾಕಿ ನಿಂತಾಗ ಚಪ್ಪಲಿಯಷ್ಟು ಹಾಯಾಗಿತ್ತು. ಗುಡ್ಡದ ಮೇಲೆ ಎರಡೇ ಗಂಟೆಯಲ್ಲಿ ಹಿಮ್ಮಡಿ ಮೇಲೆದ್ದು ಆಡತೊಡಗಿತು. ಅದನ್ನು ಹಿಡಿದಿಡಲು ಬಕಲ್ ಬಿಗಿ ಮಾಡಿದೆ. ಪಾದದ ಬೆನ್ನು ಒತ್ತಿ ರಕ್ತ ಓಡದೆ ಬೆರಳಿಗೆ ಜೋಮು ಹಿಡಿಯಿತು. ಕಾಲು ಮುಂದೆ ಜಾರಿ ಹೆಬ್ಬೆರಳು ತುದಿಗೆ ಹೊಡೆದು ಹೊಡೆದು ಎರಡೂ ಉಗುರು ಕಪ್ಪಾಗಿ ಬಿದ್ದುಹೋದವು. ಅಂದರೆ ದೊಡ್ಡ ಬೂಟಿನಲ್ಲಿ ಕಾಲು ಜಾಸ್ತಿ ನೋಯುತ್ತದೆ. ಉದ್ದ ಕೊಂಡರೆ ಅಗಲ ಸಿಗುವುದಿಲ್ಲ. ಇದನ್ನು ಕಲಿಯಲು ನನಗೆ ಒಂದು ಪೂರ್ತಿ ಸೀಸನ್ ಬೇಕಾಯಿತು.

ಆಮೇಲೆ ಒಂದು ಅಂಗಡಿಯಲ್ಲಿ ಪಂಚ್ ಮಾಡಿಸಿದೆ, ಅಂದರೆ ಪ್ಲಾಸ್ಟಿಕ್ ಬಿಸಿ ಮಾಡಿ ಒಳಗಿನಿಂದ ಕ್ಲಾಂಪಿನಲ್ಲಿ ಗುಂಡು ಒತ್ತಿ ಉಬ್ಬಿಸುವುದು. ಒಂದು ಸಲಕ್ಕೆ 40-50 ಡಾಲರ್, ಮೂರು ಸಲ. ಅಂಗಾಲಿನ ಕೆಳಗೆ ಇಡುವ ಫುಟ್‌ಬೆಡ್‌ಗೆ ಇನ್ನೊಂದು 180. ಅವರು ಹಾಕಿದ್ದು ಮಾಮೂಲಿ ದುಂಡನೆಯ ಗುಂಡು. ಅದು ಕಿರುಬೆರಳ ಬುಡದ ಮೂಳೆಯ ಹತ್ತಿರ ನಿಂಬೆಹಣ್ಣಿನಷ್ಟು ಗುಳಿ ಮಾಡಿತು. ಗುಳಿಯ ಅಂಚು ಬೆರಳಿನ ಪಕ್ಕಕ್ಕೇ ಬಂದು ಕೂತು ಅಲ್ಲೊಂದು ಕಾಲಾಣಿ ಎದ್ದಿತು. ನನ್ನ ಕಾಲು ಒಂದೇ ಜಾಗದಲ್ಲಿ ಉಬ್ಬಿಲ್ಲ, ಕಿರುಬೆರಳ ತುದಿಯಿಂದ ನಾಲ್ಕು ಇಂಚು ಹಿಂದಿನವರೆಗೂ ಗೋಡೆಯೇ ಆಚೆ ಹೋಗಬೇಕು ಅಂದೆ. ‘ಪ್ಲಾಸ್ಟಿಕ್ ಹಾಗೆ ಹೋಗುವುದಿಲ್ಲ, ಇನ್ನೂ ಅಗಲದ ಬೂಟು ನೋಡಿ’ ಅಂದರು. ಆ ಜೋಡಿಯನ್ನು 100 ಡಾಲರಿಗೆ ಮಾರಿದೆ.

ತೊಗಲಿನ ಬೂಟಿನ ಕಾಲದಲ್ಲಿ ಈ ತಾಪತ್ರಯ ಇಷ್ಟಿರಲಿಲ್ಲ. ತೊಗಲು ತಾನೇ ಹಿಗ್ಗಿ ಕಾಲಿಗೆ ಹೊಂದಿಕೊಳ್ಳುತ್ತಿತ್ತು. 1960ರ ದಶಕದಲ್ಲಿ ಅಯೋವಾದ ಡುಬ್ಯೂಕ್ ಊರಿನ ಬಾಬ್ ಲ್ಯಾಂಗ್ ಪ್ಲಾಸ್ಟಿಕ್ ಬೂಟು ತಂದ ಮೇಲೆ ಸ್ಕೀ ಮೇಲಿನ ಹಿಡಿತ ಹೆಚ್ಚಿತು. ಆದರೆ ಕಾಲು ಬೂಟಿಗೆ ಹೊಂದಿಕೊಳ್ಳಬೇಕಾಯಿತು.

ನನಗೆ ದಾರಿ ತೋರಿಸಿದ್ದು ಶಿರಸಿಯಲ್ಲಿ ಚಿಕ್ಕವನಿದ್ದಾಗ ನೋಡಿದ ಕೆಲಸ. ಅಪ್ಪನ ಹೊಸ ಶೂ ಬಿಗಿಯಾಗಿತ್ತು. ಪೇಟೆಯಲ್ಲಿ ಚಪ್ಪಲಿ ಹೊಲಿಯುವವರು ಅದರೊಳಗೆ ಎರಡು ಸೀಳಾಗಿದ್ದ ಮರದ ಅಚ್ಚು ತೂರಿಸಿ, ನಡುವೆ ಬೆಣೆ ಹೊಡೆದು, ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಕೊಟ್ಟರು. ಸರಿಯಾಗಿ ಕೂತಿತು. ಇದೇ ಕೆಲಸ ಪ್ಲಾಸ್ಟಿಕ್ಕಿಗೆ ಯಾಕೆ ಆಗಬಾರದು? ಗುಂಡಿನ ಬದಲು ನನ್ನದೇ ಕಾಲಿನ ಆಕಾರ, ಕ್ಲಾಂಪ್ ಬದಲು ಬೆಣೆ.

ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ ಕಾಲಿನ ಅಚ್ಚು ತೆಗೆದೆ. ಮೊದಲನೆಯದು ವ್ಯರ್ಥ. ಕುರ್ಚಿಯಲ್ಲಿ ಕೂತು ತೆಗೆದಿದ್ದೆ, ಅಳೆದರೆ 104 ಬಂತು. ಭಾರ ಬಿದ್ದರೆ ತಾನೆ ಪಾದ ಹರಡುವುದು! ಎರಡನೆಯದನ್ನು ಫುಟ್‌ಬೆಡ್ ಮೇಲೆ ನಿಂತು, ಮೊಣಕಾಲು ಸ್ವಲ್ಪ ಮುಂದೆ ಬಗ್ಗಿಸಿ ತೆಗೆದೆ. ಅದನ್ನು ನೋಡಿಕೊಂಡು ಮೇಪಲ್ ಮರದಲ್ಲಿ ಪಾದದ ಮುಂದಿನ ಅರ್ಧ ಕೆತ್ತಿದೆ. ಬೂಟಿನೊಳಗಿನ ಮೆತ್ತೆಯ ಪದರ, ಅಂದರೆ ಲೈನರ್, ಒತ್ತಿದಾಗ ಇರುವ ದಪ್ಪಕ್ಕೆ ಅಂತ ಹೊರಗಡೆ 4 ಮಿ.ಮೀ. ತೊಗಲು ಅಂಟಿಸಿದೆ. ಉದ್ದಕ್ಕೆ ಸೀಳಿ ಎರಡು ತುಂಡು ಮಾಡಿದೆ. ಹಿಂತುದಿಯಲ್ಲಿ ಎರಡನ್ನೂ ಹಿಡಿಯುವ ಒಂದು ಕಬ್ಬಿಣದ ಪಟ್ಟಿ, ಅದರಲ್ಲಿ ಬೋಲ್ಟು. ಬೋಲ್ಟು ತಿರುಗಿಸಿದರೆ ಬೆಣೆ ಮುಂದೆ ಹೋಗಿ ಅಚ್ಚು ಅಗಲವಾಗುತ್ತದೆ. ಯೂನಿವರ್ಸಲ್ ಜಾಯಿಂಟ್ ಹಾಕಿದ ಸಾಕೆಟ್ ಇದ್ದರೆ ಬೂಟಿನ ಬಾಯಿಯಿಂದಲೇ ತಿರುಗಿಸಬಹುದು. ಇದೆಲ್ಲ ಸೇರಿ ಖರ್ಚು 60 ಡಾಲರ್ ದಾಟಿಲ್ಲ.

ಬಿಸಿ ಮಾಡುವುದರಲ್ಲೇ ನಾನು ಜಾಸ್ತಿ ಕಳೆದುಕೊಂಡೆ. ಕಲಿಯುವುದಕ್ಕೆ ಅಂತ 120 ಡಾಲರ್ ಕೊಟ್ಟು ತಂದ ಹಳೇ ಜೋಡಿ. ಎಡಗಡೆಯದಕ್ಕೆ ಹೀಟ್ ಗನ್ ಹಿಡಿದೆ. ನಾಲ್ಕು ಇಂಚಿನ ಗೋಡೆಗೆ ಒಂದೇ ಸಮ ಶಾಖ ಕೊಡಲು ಆಗಲಿಲ್ಲ. ಒಂದು ಕಡೆ ಇನ್ನೂ ಗಟ್ಟಿ, ಇನ್ನೊಂದು ಕಡೆ ಹೊಳಪು ಬಂದು ಸಣ್ಣ ಗುಳ್ಳೆ ಎದ್ದೇಬಿಟ್ಟವು. ಗುಳ್ಳೆ ಎದ್ದರೆ ಆ ಪ್ಲಾಸ್ಟಿಕ್ ಕಥೆ ಮುಗಿದ ಹಾಗೆ. ಬಲಗಡೆಯದಕ್ಕೆ ಕುದಿಯುವ ನೀರು ಅಂದುಕೊಂಡೆ. ಪುತ್ತೂರಿನ ಗೆಳೆಯರೊಬ್ಬರು ಗ್ಯಾರೇಜಿಗೆ ಬಂದು ನೋಡಿ, ‘ಬೂಟನ್ನ ಬೇಯಿಸೋದಾ ಮಾರಾಯ್ರೆ? ನೀರಿನ ಬಿಸಿ ಎಲ್ಲಿ ಸಾಕಾಗ್ತದೆ’ ಅಂದರು. ಅವರ ಮಾತಿನಲ್ಲೂ ಅರ್ಥ ಇತ್ತು. ಸಾಲ್ಟ್ ಲೇಕ್ ಸಿಟಿ ಸಮುದ್ರ ಮಟ್ಟದಿಂದ 1,300 ಮೀಟರ್ ಮೇಲಿದೆ. ಇಲ್ಲಿ ನೀರು 95-96 ಡಿಗ್ರಿಗೇ ಕುದಿಯುತ್ತದೆ. ಆದರೆ ಅದೇ ಒಳ್ಳೆಯದಾಯಿತು. ಎಷ್ಟು ಹೊತ್ತು ಇಟ್ಟರೂ ಸುಡುವುದಿಲ್ಲ, ಎಲ್ಲ ಕಡೆ ಒಂದೇ ಸಮ ಮೆತ್ತಗಾಗುತ್ತದೆ. ಹನ್ನೆರಡು ನಿಮಿಷಕ್ಕೆ ಬೂಟಿನ ಪ್ಲಾಸ್ಟಿಕ್ಕಾದ ಪಾಲಿಯುರೆಥೇನ್ ಹೆಬ್ಬೆರಳ ಒತ್ತಡಕ್ಕೆ ಬಗ್ಗಿತು. ಬೆಣೆ ತಿರುಗಿಸಿದೆ, ಗೋಡೆ ಆಚೆ ಹೋಯಿತು. ಗೆಳೆಯರು ಎದುರಿಗೇ ಇದ್ದರು!

ಆದರೆ ಆ ಬೂಟೂ ಉಳಿಯಲಿಲ್ಲ. ಪೂರ್ತಿ ಮುಳುಗಿಸಿದ್ದರಿಂದ ಸೋಲ್ ಕೂಡ ಮೆತ್ತಗಾಗಿ ಬಿಲ್ಲಿನ ಹಾಗೆ ಬಾಗಿತ್ತು. ಕಣ್ಣಿಗೆ ಕಾಣುವುದಿಲ್ಲ, ಗಾಜಿನ ಮೇಲೆ ಇಟ್ಟಾಗ ಗೊತ್ತಾಯಿತು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಳಿಜಾರಿನ ಸ್ಕೀಗೆ ಬಳಸುವ ಅಲ್ಪೈನ್ ಸೋಲ್‌ನ ಮುಂದಿನ ತುಟಿಯ ದಪ್ಪ 19 ಮಿ.ಮೀ., ಹಿಂದಿನದು 30, ಒಂದು ಮಿ.ಮೀ. ಹೆಚ್ಚುಕಮ್ಮಿ. ಅದು ಕೆಟ್ಟರೆ ಬಿದ್ದಾಗ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಡಬೇಕಾದ ಹೊತ್ತಿಗೆ ಬಿಡದೆ ಮೊಣಕಾಲು ಹೋಗುತ್ತದೆ. ಆ ಜೋಡಿಯನ್ನು ಬೇರೆ ಯಾರ ಕೈಗೂ ಸಿಗದ ಹಾಗೆ ಕತ್ತರಿಸಿ ಎಸೆದೆ.

ಕೊನೆಗೆ ನಿಂತ ವಿಧಾನ ಇದು. ಹಿಂದಿನ ವರ್ಷದ ಸ್ಟಾಕ್, 26.5, 100ರ ಅಗಲ, 330 ಡಾಲರ್ ಇರಬೇಕು. ಲೈನರ್ ತೆಗೆದು, ಪ್ಲಾಸ್ಟಿಕ್ ಹೊರಕವಚವಾದ ಬರೀ ಶೆಲ್‌ನಲ್ಲಿ ಬೆರಳು ಮುಂದೆ ತಾಗಿಸಿ ನಿಂತರೆ ಹಿಮ್ಮಡಿಯ ಹಿಂದೆ 15 ಮಿ.ಮೀ. ಜಾಗ. ಉದ್ದ ಸರಿ, ಹಿಮ್ಮಡಿ ಬಿಗಿ, ಅಗಲ ಮಾತ್ರ ಕಮ್ಮಿ. ನನಗೆ ಬೇಕಿದ್ದದ್ದೂ ಅಂಥದ್ದೇ. ಸೋಲನ್ನು ದಪ್ಪ ಅಲ್ಯೂಮಿನಿಯಂ ಹಲಗೆಗೆ ಮುಂದೆ ಹಿಂದೆ ಎರಡೂ ಕಡೆ ಬಿಗಿದೆ. ಅಚ್ಚಿನ ಎರಡು ತುಂಡು ಮೊದಲೇ ಒಳಗೆ ಇಟ್ಟೆ. ಬೂಟನ್ನು ಓರೆ ಹಿಡಿದು ಹೊರಗಿನ ಗೋಡೆ ಮಾತ್ರ ಕುದಿಯುವ ನೀರಿನಲ್ಲಿ ಮುಳುಗುವ ಹಾಗೆ ನೇತು ಹಾಕಿದೆ. ಬಿಸಿಯಾದ ಗೋಡೆಯಷ್ಟೇ ಸರಿಯುತ್ತದೆ, ತಣ್ಣಗಿರುವ ಒಳಗೋಡೆ ಅಲುಗುವುದಿಲ್ಲ. ಬೆಣೆ ಎರಡೂ ಕಡೆ ತಳ್ಳಿದರೂ ಕೆಲಸ ಒಂದೇ ಕಡೆ ಆಗುವುದು ಹೀಗೆ. ತಕ್ಷಣ ಹೊರಗೆ ಹಿಮದಲ್ಲಿ ಅರ್ಧ ಗಂಟೆ ಹೂತಿಟ್ಟೆ. ಬೆಣೆ ತೆಗೆಯದೆ ಎರಡು ರಾತ್ರಿ ಬಿಟ್ಟೆ. 8 ಮಿ.ಮೀ. ತಳ್ಳಿದ್ದರಲ್ಲಿ 6 ನಿಂತಿತು. ಸೀಸನ್ ಮುಗಿಯುವ ಹೊತ್ತಿಗೆ ಐದೂವರೆ. ಹೆಬ್ಬೆರಳ ಕಡೆಗೆ ಇನ್ನೊಂದು ದಿನ ಹೀಗೇ ಮಾಡಿ ಎರಡೂವರೆ ಪಡೆದೆ. ಸೋಲನ್ನು ವರ್ನಿಯರ್‌ನಲ್ಲಿ ಅಳೆದು, ಬೈಂಡಿಂಗ್ ಮೇಲೆ ಇಟ್ಟು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಗುಡ್ಡಕ್ಕೆ ಹೋದೆ.

ಮರ ನೀರು ಕುಡಿದು ಉಬ್ಬಿ ಒಳಗೇ ಸಿಕ್ಕಿಕೊಳ್ಳುವ ತೊಂದರೆಗೆ ಅಚ್ಚಿಗೆ ಏನು ಬಳಿಯುತ್ತೇನೆ, ಬೋಲ್ಟಿನ ಎರಡನೇ ಸುತ್ತು ಯಾವಾಗ ಕೊಡುತ್ತೇನೆ ಅನ್ನುವ ಎರಡು ವಿಷಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಎರಡು ಚಳಿಗಾಲ ಕೊಟ್ಟಿದ್ದೇನೆ. ಉಳಿದದ್ದೆಲ್ಲ ಇಲ್ಲಿದೆ.

ಇದರ ಜೊತೆ ಇನ್ನೊಂದು ವಿಷಯ ಸಿಕ್ಕಿತು. ಅಂಗಡಿಯಲ್ಲಿ ಬೂಟು ಹೊಂದಿಸಿಕೊಡುವ ಫಿಟ್ಟರ್‌ಗಳು ನನಗೆ ಯಾವಾಗಲೂ ಹಿಮ್ಮಡಿಯ ಕೆಳಗೆ ಎತ್ತರ ಕೊಡುತ್ತಿದ್ದರು. ಇಲ್ಲಿ ಬರುವ ಬಹಳ ಜನರ ಕಾಲಿನ ಕೀಲು ಮುಂದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಅವರಿಗೆ ಅದು ಸರಿ. ನಾನು ಕುಕ್ಕರಗಾಲಲ್ಲಿ ಕೂತು ಬೆಳೆದವನು. ಈಗಲೂ ಅಂಗಾಲು ಪೂರ್ತಿ ಊರಿ ಅರ್ಧ ಗಂಟೆ ಕೂರುತ್ತೇನೆ. ನನಗೆ ಎತ್ತರ ಬೇಡವೇ ಬೇಡ. ಅದು ಪಾದದ ಬೆನ್ನನ್ನು ಮೇಲಕ್ಕೆ ಒತ್ತುತ್ತಿತ್ತು ಅಷ್ಟೆ. ಎತ್ತರ ತೆಗೆದು, ಬೂಟಿನೊಳಗೆ ಕೆಳಗಿರುವ ಹಲಗೆಯಾದ ಬೂಟ್ ಬೋರ್ಡನ್ನೇ 3 ಮಿ.ಮೀ. ಉಜ್ಜಿ ಇಳಿಸಿದೆ. ಜೋಮು ಅವತ್ತೇ ನಿಂತಿತು. ಬೆರಳೂ ಬೆಚ್ಚಗೆ ಉಳಿಯುತ್ತದೆ. ಜೋಮು ಬರುತ್ತಿದ್ದರೆ ಅಗಲದ ಬಗ್ಗೆ ಯೋಚಿಸುವ ಮುಂಚೆ ಇದನ್ನು ನೋಡಿ. ಮರಳುಕಾಗದದ ಖರ್ಚು ಮಾತ್ರ.

ಹೆಂಡತಿಯ ಬೂಟಿನ ಸಮಸ್ಯೆ ಬೇರೆ. ಅವಳ ಮೀನಖಂಡ ಕೆಳಗಿನಿಂದಲೇ ದಪ್ಪ. ಬೂಟಿನಲ್ಲಿ ಕಾಲನ್ನು ಸುತ್ತುವ ಮೇಲ್ಭಾಗವಾದ ಕಫ್‌ನ ಮೇಲಂಚು ಅಲ್ಲೇ ಕೊರೆಯುತ್ತಿತ್ತು. ಅದರ ಹಿಂದೆ ಸಿಕ್ಕಿಸಿದ್ದ ಸ್ಪಾಯ್ಲರ್ ಎಂಬ ತುಂಡು ತೆಗೆದು, ಕಫ್‌ನ ಮೇಲಿನ ಎರಡು ಇಂಚನ್ನು ಅದೇ ನೀರಿನಲ್ಲಿ ಅದ್ದಿ ತಂಬಿಗೆಯ ಬಾಯಿಯ ಹಾಗೆ ಹೊರಕ್ಕೆ ಅರಳಿಸಿದೆ. ‘ಇನ್ನೆಷ್ಟು ದುಡ್ಡು ಸುರೀತೀರಿ’ ಅನ್ನುತ್ತಿದ್ದವಳು ಈಗ ನನಗಿಂತ ಮುಂಚೆ ಕಾರಿನಲ್ಲಿ ಕೂರುತ್ತಾಳೆ. ಗ್ರಿಲಮಿಡ್ ಅನ್ನುವ ಬೇರೆ ಪ್ಲಾಸ್ಟಿಕ್ಕಿನ ಬೂಟಿನ ಮೇಲೂ ಪ್ರಯತ್ನ ಮಾಡಿದೆ, ಗೆಳೆಯರೊಬ್ಬರ ಟೂರಿಂಗ್ (ಗುಡ್ಡ ಹತ್ತಲೂ ಬಳಸುವ) ಜೋಡಿ. ಅದು ಈ ನೀರಿಗೆ ಬಗ್ಗಲಿಲ್ಲ. 7 ತಳ್ಳಿದರೆ 1 ನಿಂತಿತು. ಅದಕ್ಕೆ ಜಾಸ್ತಿ ಶಾಖ ಬೇಕು, ನನ್ನ ವಿಧಾನ ಅದಕ್ಕಲ್ಲ.

ಲೆಕ್ಕ ಹಾಕಿದರೆ ನಾಲ್ಕು ಚಳಿಗಾಲಕ್ಕೆ 1,200 ಡಾಲರ್ ಮೇಲೆ ಹೋಗಿರಬೇಕು. ಈಗ ಶುರು ಮಾಡುವವರಿಗೆ ಬೂಟು ಬಿಟ್ಟರೆ 60 ಸಾಕು.

ಮೊನ್ನೆ ಆ ಪುತ್ತೂರಿನವರೇ ಫೋನ್ ಮಾಡಿದ್ದರು. ಅವರದ್ದು 111 ಅಗಲ, ಎಡಗಾಲು ಇನ್ನೂ ಸ್ವಲ್ಪ ಹೆಚ್ಚು. ಶನಿವಾರ ಪ್ಲಾಸ್ಟರ್ ಕಲಸಿ ಅವರನ್ನು ಫುಟ್‌ಬೆಡ್ ಮೇಲೆ ನಿಲ್ಲಿಸುತ್ತೇನೆ.