ಸಂಜೆ ಏಳೂವರೆಗೆ ಕರೆಂಟ್ ಇರಬೇಕಾದರೆ: ಸಾಮರ್ಥ್ಯದ ಹರಾಜು ರೂಪಿಸುವುದು ಹೇಗೆ?

ಸೋಲಾರ್, ಪವನ ವಿದ್ಯುತ್ ಹೆಚ್ಚಿದಂತೆ ಸಗಟು ಮಾರುಕಟ್ಟೆಯಲ್ಲಿ ಮಧ್ಯಾಹ್ನದ ದರ ನೆಲ ಕಚ್ಚುತ್ತದೆ, ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ವರ್ಷಕ್ಕೆ ಕೆಲವೇ ಗಂಟೆ ಓಡುವ ಸ್ಥಾವರಕ್ಕೆ ಆ ಗಳಿಕೆ ಸಾಲದು. ಅದು ಬಾಗಿಲು ಹಾಕಿದರೆ ಗಾಳಿ ಬೀಸದ ಸಂಜೆ ಲೋಡ್ ಶೆಡ್ಡಿಂಗ್ ಖಚಿತ. ಮಾರಿದ ಯೂನಿಟ್‌ಗಷ್ಟೇ ಅಲ್ಲ, ಕರೆದಾಗ ಸಿಗುವ ಸಾಮರ್ಥ್ಯಕ್ಕೂ ಹಣ ಕೊಡುವ ಹರಾಜು ಹುಟ್ಟಿದ್ದು ಹೀಗೆ.

1. ಗುರಿ. ಹೊಸ ಸ್ಥಾವರದ ಒಂದು ಮೆಗಾವ್ಯಾಟ್‌ಗೆ ತಗಲುವ ವಾರ್ಷಿಕ ವೆಚ್ಚವನ್ನು, ಒಂದು ಮೆಗಾವ್ಯಾಟ್-ಗಂಟೆ ಕಡಿತದಿಂದ ಗ್ರಾಹಕರಿಗಾಗುವ ನಷ್ಟದಿಂದ ಭಾಗಿಸಿ. ಬ್ರಿಟನ್ 47,000 ಪೌಂಡನ್ನು 17,000ದಿಂದ ಭಾಗಿಸಿ, ವರ್ಷಕ್ಕೆ 3 ಗಂಟೆ ಕೊರತೆಯಾದರೆ ಸಹಿಸಬಹುದು ಎಂದು ನಿಗದಿ ಮಾಡಿತು. ಶೂನ್ಯ ಕಡಿತ ಎಂಬ ಗುರಿ ಕೇಳಲು ಚೆಂದ, ಬಿಲ್ ಕಟ್ಟಲು ಅಲ್ಲ.

2. ಯಾರಿಗೆ ಎಷ್ಟು ಅಂಕ? ಅಂಕ ಎಂದರೆ, ಸ್ಥಾವರದ ಸಾಮರ್ಥ್ಯದಲ್ಲಿ ಕೊರತೆಯ ಹೊತ್ತಿಗೆ ಎಷ್ಟು ಪಾಲನ್ನು ನಂಬಬಹುದು ಎಂಬ ಲೆಕ್ಕ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಮಧ್ಯಾಹ್ನ 2ಕ್ಕೆ ಬೇಡಿಕೆ 10,000 ಮೆಗಾವ್ಯಾಟ್, ಸಂಜೆ 7.30ಕ್ಕೆ 9,200 ಎಂದುಕೊಳ್ಳಿ. 3,000 ಮೆಗಾವ್ಯಾಟ್ ಸೋಲಾರ್ ಮಧ್ಯಾಹ್ನ 2,100 ಕೊಟ್ಟರೆ ಉಳಿದ ಬೇಡಿಕೆ 7,900. ಸಂಜೆ ಸೋಲಾರ್ ಇಲ್ಲ, 9,200 ಹಾಗೇ ನಿಂತಿದೆ. ಅಂದರೆ ಗರಿಷ್ಠ ಹೊರೆ ತಗ್ಗಿದ್ದು 800 ಮಾತ್ರ. ಸೋಲಾರ್‌ಗೆ ಸಲ್ಲುವ ಅಂಕ ಶೇ 27. ಇನ್ನೂ 1,000 ಮೆಗಾವ್ಯಾಟ್ ಫಲಕ ಹಾಕಿದರೆ ಅದಕ್ಕೆ ಸಿಗುವುದು ಸೊನ್ನೆ, ಬ್ಯಾಟರಿ ಜೊತೆಗಿಲ್ಲದಿದ್ದರೆ.

ಬ್ಯಾಟರಿಯನ್ನೂ ಅಳೆದೇ ಒಪ್ಪಿಕೊಳ್ಳಿ. 100 ಮೆಗಾವ್ಯಾಟ್, 200 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ನಾಲ್ಕು ಗಂಟೆಯ ಕೊರತೆಯಲ್ಲಿ ನಿರಂತರ ಕೊಡಬಲ್ಲದ್ದು 50 ಮಾತ್ರ.

ಉಷ್ಣ ಸ್ಥಾವರಗಳಿಗೂ ಪೂರ್ತಿ ಅಂಕ ಬೇಡ. ಒಂದೊಂದೂ ಬೇರೆ ಬೇರೆ ದಿನ ಕೆಡುತ್ತದೆ ಎಂಬ ಲೆಕ್ಕ ಚಳಿಯಲ್ಲಿ ತಲೆಕೆಳಗಾಗುತ್ತದೆ. ಅಮೆರಿಕದ ಪಿಜೆಎಂ ಗ್ರಿಡ್‌ನಲ್ಲಿ 2014ರ ಜನವರಿ 7ರಂದು ಯಂತ್ರಗಳು ಕೆಟ್ಟು, ಗ್ಯಾಸ್ ಸಿಗದೆ ಒಟ್ಟು ಸಾಮರ್ಥ್ಯದ ಶೇ 22ರಷ್ಟು ಒಮ್ಮೆಲೇ ಕೈಕೊಟ್ಟಿತು.

3. ಹರಾಜು. ಬ್ರಿಟನ್‌ನಲ್ಲಿ ಮುಖ್ಯ ಹರಾಜು ಸಾಮರ್ಥ್ಯ ಬೇಕಾಗುವ ವರ್ಷಕ್ಕಿಂತ ನಾಲ್ಕು ವರ್ಷ ಮೊದಲು, ಕೊರತೆ ತುಂಬುವ ಹರಾಜು ಒಂದು ವರ್ಷ ಮೊದಲು. ಕಟ್ಟಲು ಸಮಯ ಬೇಕು, ಅಂದಾಜು ತಿದ್ದಲೂ ಅವಕಾಶ ಬೇಕು. ಖರೀದಿಯ ಬೇಡಿಕೆ ರೇಖೆ, ಅಂದರೆ ಯಾವ ದರಕ್ಕೆ ಎಷ್ಟು ಸಾಮರ್ಥ್ಯ ಕೊಳ್ಳುವುದೆಂದು ತೋರಿಸುವ ಗೆರೆ, ನೆಟ್ಟಗೆ ನಿಂತಿರದೆ ಇಳಿಜಾರಾಗಿರಲಿ. ಇಲ್ಲದಿದ್ದರೆ ಒಂದು ಸ್ಥಾವರ ಹೆಚ್ಚಾದರೆ ದರ ಪಾತಾಳಕ್ಕೆ, ಕಡಿಮೆಯಾದರೆ ಆಕಾಶಕ್ಕೆ.

4. ದಂಡ. ಕೈಕೊಟ್ಟ ಪ್ರತಿ ಗಂಟೆಗೆ ವಾರ್ಷಿಕ ಪಾವತಿಯ ನೂರರಲ್ಲೊಂದು ಪಾಲು ಮಾತ್ರ ಕಡಿತವಾದರೆ, 3 ಗಂಟೆಯ ಕೊರತೆಯಲ್ಲಿ ಪೂರಾ ನಾಪತ್ತೆಯಾದವನಿಗೂ ಶೇ 97 ಹಣ ಸಿಕ್ಕೇ ಸಿಗುತ್ತದೆ. ಅವನೇಕೆ ಬಾಯ್ಲರ್ ರಿಪೇರಿಗೆ ಖರ್ಚು ಮಾಡುತ್ತಾನೆ?

5. ದಿನನಿತ್ಯದ ದರ. ಹರಾಜು ಇದೆಯೆಂದು ಇದನ್ನು ಮರೆಯುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಸ್ಥಾವರಗಳಿಗೆ ಆದೇಶ 5 ನಿಮಿಷಕ್ಕೊಮ್ಮೆ ಹೋಗುತ್ತಿತ್ತು, ಹಣ ಮಾತ್ರ 30 ನಿಮಿಷದ ಸರಾಸರಿಯಲ್ಲಿ. ದರ ಜಿಗಿದ ಕ್ಷಣಕ್ಕೆ ಸ್ಪಂದಿಸಿದ ಬ್ಯಾಟರಿಗೂ, ತಡವಾಗಿ ಎದ್ದ ಸ್ಥಾವರಕ್ಕೂ ಒಂದೇ ದರ. 2021ರ ಅಕ್ಟೋಬರ್ 1ರಿಂದ ಹಣದ ಲೆಕ್ಕವೂ 5 ನಿಮಿಷಕ್ಕೆ ಇಳಿಯಿತು.