ಕಕ್ಷಿದಾರರ ಮೊಬೈಲ್ ವಕೀಲರ ಮೇಜಿಗೆ ಬಂದಾಗ

2017ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಪರ ವಕೀಲರು, ಎದುರು ಪಕ್ಷ ಕೇಳಿದ್ದ ಇ-ಮೇಲ್‌ಗಳನ್ನು ಸಿ.ಡಿ.ಯೊಂದಕ್ಕೆ ತುಂಬಿಸಿ ಕಳುಹಿಸಿದರು. ಕೇಳಿದ್ದಷ್ಟೇ ಹೋಗಲಿಲ್ಲ. ಸಾವಿರಾರು ಸಿರಿವಂತ ಗ್ರಾಹಕರ ಹೆಸರು, ಗುರುತಿನ ಸಂಖ್ಯೆ, ಹೂಡಿಕೆಯ ವಿವರಗಳೂ ಅದರೊಂದಿಗೆ ಹೋದವು, ಒಟ್ಟು 1.4 ಗಿಗಾಬೈಟ್. ಕಳ್ಳರು ಯಾರೂ ಒಳನುಗ್ಗಿರಲಿಲ್ಲ. ದಾಖಲೆ ಪರಿಶೀಲಿಸುವ ತಂತ್ರಾಂಶ ತೆರೆಯ ಮೇಲೆ ಒಂದು ಮಿತಿಯಷ್ಟನ್ನೇ ತೋರಿಸುತ್ತಿತ್ತು. ವಕೀಲರು ಅದೇ ಪೂರ್ತಿ ಎಂದು ನಂಬಿ, ನೋಡದೇ ಉಳಿದದ್ದನ್ನೂ ಕೊಟ್ಟುಬಿಟ್ಟಿದ್ದರು.

ವಕೀಲರ ಕಚೇರಿಯ ಗುಟ್ಟು ಹೊರಬೀಳುವುದು ಹೆಚ್ಚಾಗಿ ಹೀಗೆಯೇ, ಕೊಡುವ ಕೈಯಿಂದಲೇ. ಆದ್ದರಿಂದ ಈ ಲೇಖನದಲ್ಲಿ ಪಾಸ್‌ವರ್ಡ್ ಬಗ್ಗೆ ಮಾತು ಕಡಿಮೆ. ಪಡೆಯುವುದು, ಹುಡುಕುವುದು, ಕೊಡುವುದು, ಈ ಮೂರರ ಬಗ್ಗೆ ಹೆಚ್ಚು.

ಇ-ಡಿಸ್ಕವರಿ, ಅಂದರೆ ವ್ಯಾಜ್ಯಕ್ಕಾಗಿ ವಿದ್ಯುನ್ಮಾನ ದಾಖಲೆಗಳನ್ನು ಹುಡುಕಿ ಎದುರು ಪಕ್ಷಕ್ಕೆ ಕೊಡುವ ಕೆಲಸ, ದೊಡ್ಡ ಕಂಪನಿಗಳ ವ್ಯವಹಾರ ಎಂಬ ಭಾವನೆ ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಈಗಲೂ ಇದೆ. ಆದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯು ವಾಣಿಜ್ಯ ದಾವೆಗಳಿಗಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶವನ್ನು ಹೊಸದಾಗಿ ಬರೆಯಿತು. ಅದರಂತೆ, ದಾವೆಗೆ ಸಂಬಂಧಿಸಿ ತಮ್ಮ ವಶದಲ್ಲಿರುವ ದಾಖಲೆಗಳನ್ನು, ತಮಗೆ ವಿರುದ್ಧವಾಗಿರುವುದನ್ನೂ ಸೇರಿಸಿ, ಉಭಯ ಪಕ್ಷಗಳೂ ಬಹಿರಂಗಪಡಿಸಬೇಕು. ವಿದ್ಯುನ್ಮಾನ ದಾಖಲೆಗಳಿಗೆ ಅಲ್ಲಿ ಪ್ರತ್ಯೇಕ ನಿಯಮವೇ ಇದೆ. ಕೌಟುಂಬಿಕ ನ್ಯಾಯಾಲಯಕ್ಕಂತೂ ವಾಟ್ಸ್‌ಆ್ಯಪ್ ಇಲ್ಲದೆ ವಿಚ್ಛೇದನದ ಅರ್ಜಿ ಬರುವುದೇ ಅಪರೂಪವಾಗಿದೆ.

ಮೊದಲು: ಬೇಕಾದಷ್ಟನ್ನೇ ಪಡೆಯಿರಿ

ಕಕ್ಷಿದಾರರು ಮೊಬೈಲಿನ ಬೀಗ ತೆಗೆದು ಮೇಜಿನ ಮೇಲಿಟ್ಟು, "ಎಲ್ಲ ಇದರಲ್ಲೇ ಇದೆ ಸಾರ್, ನೀವೇ ನೋಡಿಕೊಳ್ಳಿ" ಎನ್ನುತ್ತಾರೆ. ನೋಡಿಕೊಳ್ಳಬೇಡಿ. ಆ ಮೊಬೈಲಿನಲ್ಲಿ ಅವರ ಬ್ಯಾಂಕ್ ಇದೆ, ಮಗಳ ವೈದ್ಯಕೀಯ ವರದಿ ಇದೆ, ಈ ವ್ಯಾಜ್ಯಕ್ಕೆ ಸಂಬಂಧವೇ ಇಲ್ಲದ ಹತ್ತಾರು ಜನರ ಮಾತುಕತೆ ಇದೆ. ಯಾರೊಂದಿಗಿನ ಸಂಭಾಷಣೆ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ಖಾತೆಯ ಇ-ಮೇಲ್ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಅಷ್ಟನ್ನು ಮಾತ್ರ ಕೇಳಿ. ನಿಮ್ಮ ಬಳಿ ಇಲ್ಲದ್ದು ನಿಮ್ಮಿಂದ ಸೋರಲಾರದು.

ಇದರೊಂದಿಗೆ ಇನ್ನೊಂದು ಮಾತನ್ನು ಆಗಲೇ ಹೇಳಿಬಿಡಬೇಕು: ಯಾವುದನ್ನೂ ಅಳಿಸಬಾರದು. "ಮುಜುಗರದ್ದನ್ನು ತೆಗೆದು ಕೊಡುತ್ತೇನೆ" ಎಂದು ಮನೆಗೆ ಹೋಗುವವರಿದ್ದಾರೆ. ಸಾಕ್ಷ್ಯವಾಗಿ ಹಾಜರಾಗುವುದನ್ನು ತಪ್ಪಿಸಲು ವಿದ್ಯುನ್ಮಾನ ದಾಖಲೆಯನ್ನು ನಾಶಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಪ್ರಕಾರ ಅಪರಾಧ. ತಾನಾಗಿ ಮರೆಯಾಗುವ ಸಂದೇಶಗಳ ಸೌಲಭ್ಯ ಚಾಲೂ ಇದ್ದರೆ ಅವರ ಎದುರಿಗೇ ನಿಲ್ಲಿಸಲು ಹೇಳಿ. ಕಡಿಮೆ ಪಡೆಯಿರಿ ಎಂದರೆ ಉಳಿದದ್ದು ಮೂಲದಲ್ಲಿ ಹಾಗೆಯೇ ಇರಲಿ ಎಂದೇ ಅರ್ಥ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಕೀಲರಿಗೆ ಅನ್ವಯಿಸುವುದಿಲ್ಲ ಎಂದು ವಾದಿಸುವವರನ್ನು ಕಂಡಿದ್ದೇನೆ. ಅರ್ಧ ಸರಿ. ಕಾನೂನಿನ ಹಕ್ಕನ್ನು ಸಾಧಿಸಲು ಅಗತ್ಯವಾದ ದತ್ತಾಂಶ ಬಳಕೆಗೆ 17ನೇ ಕಲಂ ಬಹಳಷ್ಟು ವಿನಾಯಿತಿ ಕೊಟ್ಟಿದೆ. ಆದರೆ ದತ್ತಾಂಶವನ್ನು ಸುರಕ್ಷಿತವಾಗಿಡುವ ಹೊಣೆಯನ್ನು ಅದೇ ಕಲಂ ಉಳಿಸಿಕೊಂಡಿದೆ. ಆ ಹೊಣೆಯಲ್ಲಿ ತಪ್ಪಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಹೇಳಿಸಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಕಾಯ್ದೆಯ ಬೇರು ಅಲ್ಲಿದೆ.

ಎರಡನೆಯದು: ರಶೀದಿ, ಪ್ರತಿ, ಹ್ಯಾಷ್

ಪೆನ್‌ಡ್ರೈವ್ ಬಂದರೂ ಮೊಬೈಲ್ ಬಂದರೂ ದಿನಾಂಕ, ಸಮಯ, ಯಾರು ಕೊಟ್ಟರು, ಏನು ಕೊಟ್ಟರು ಎಂದು ಬರೆದು ಇಬ್ಬರೂ ಸಹಿ ಹಾಕಿ. ಮೂಲವನ್ನು ಮುಟ್ಟದೆ ಒಂದು ಪ್ರತಿ ಮಾಡಿಕೊಂಡು, ಕೆಲಸವನ್ನೆಲ್ಲ ಪ್ರತಿಯಲ್ಲೇ ಮಾಡಿ. ವಾಟ್ಸ್‌ಆ್ಯಪ್‌ನಿಂದ ರಫ್ತು ಮಾಡಿದ ಸಂಭಾಷಣೆ ಬರೀ ಪಠ್ಯದ ಕಡತ. ಯಾರು ಬೇಕಾದರೂ ತಿದ್ದಬಹುದು. ಹಾಗಾಗಿ ಅದು ಸಿಕ್ಕಿತೆಂದು ಮೊಬೈಲ್ ಮಾರಲು ಕಕ್ಷಿದಾರರನ್ನು ಬಿಡಬೇಡಿ.

ನಂತರ ಹ್ಯಾಷ್. ಕಡತವೊಂದರ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಗಣಕಯಂತ್ರ ಕೊಡುವ ಸಂಖ್ಯಾಗುರುತು ಇದು. ಎಸ್‌ಎಚ್‌ಎ-256 ವಿಧಾನದಲ್ಲಿ ಇದು 64 ಅಕ್ಷರ-ಅಂಕಿಗಳ ಸಾಲಾಗಿರುತ್ತದೆ. ಕಡತದ ಹೆಸರು ಬದಲಿಸಿದರೆ ಹ್ಯಾಷ್ ಬದಲಾಗುವುದಿಲ್ಲ. ಒಳಗೆ ಒಂದು ಅಲ್ಪವಿರಾಮ ಸೇರಿಸಿದರೂ ಪೂರ್ತಿ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂ ಪ್ರಮಾಣಪತ್ರದಲ್ಲಿ ಈ ಹ್ಯಾಷ್ ಬರೆಯಲು ಜಾಗವೇ ಇದೆ. ಅದರ ಎ ಭಾಗವನ್ನು ದಾಖಲೆ ಹಾಜರುಪಡಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವೇ ಸಾಕೆಂದುಕೊಂಡಿರುವವರು ಗಮನಿಸಿ.

ಹ್ಯಾಷ್ ಲೆಕ್ಕ ಹಾಕಲು ಅಂತರಜಾಲದ ಉಚಿತ ತಾಣಗಳಿಗೆ ಕಡತವನ್ನು ಏರಿಸುವವರಿದ್ದಾರೆ. ಸಾಕ್ಷ್ಯ ಕಾಪಾಡಲು ಹೊರಟು ಅದನ್ನು ಅಪರಿಚಿತರ ಸರ್ವರ್‌ಗೆ ಒಪ್ಪಿಸಿದಂತಾಯಿತು. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಇದಕ್ಕೆ ಬೇಕಾದ ಸೌಲಭ್ಯ ಮೊದಲೇ ಇದೆ.

ಮೂರನೆಯದು: ಇಡುವ ಜಾಗ

ಇದು ಚಿಕ್ಕ ಕೆಲಸ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿ: ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್, ಇಲ್ಲವಾದರೆ ಉಚಿತವಾಗಿ ಸಿಗುವ ವೆರಾಕ್ರಿಪ್ಟ್. ಪ್ರಕರಣಕ್ಕೊಂದು ಫೋಲ್ಡರ್, ಆ ಪ್ರಕರಣ ನೋಡುವವರಿಗಷ್ಟೇ ಪ್ರವೇಶ. ಕಚೇರಿಯ ಮೂರು ಜನರೂ ಒಂದೇ ಪಾಸ್‌ವರ್ಡ್ ಬಳಸಿದರೆ, ನಾಳೆ ಯಾರು ಏನು ತೆರೆದರೆಂದು ಹೇಳಲು ಯಾರಿಗೂ ಆಗುವುದಿಲ್ಲ. ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯಲೇಬೇಕಾದರೆ, ಮುದ್ರಿಸಬೇಕಾದ ಕಡತವೊಂದನ್ನೇ ಖಾಲಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಅಂಗಡಿಯವರಿಗೆ ಕಳುಹಿಸುವ ರೂಢಿ ಬಿಡಿ.

ನಾಲ್ಕನೆಯದು: ಕನ್ನಡದಲ್ಲಿ ಹುಡುಕುವ ತೊಡಕು

ಇಂಗ್ಲಿಷ್ ದಾಖಲೆಗಳಿಗಾಗಿ ರೂಪಿಸಿದ ಇ-ಡಿಸ್ಕವರಿ ಕೈಪಿಡಿಗಳು ಇಲ್ಲಿ ನೆರವಿಗೆ ಬರುವುದಿಲ್ಲ. ಯಾವುದನ್ನು ಕೊಡಬೇಕು, ಯಾವುದನ್ನು ತಡೆಹಿಡಿಯಬೇಕು ಎಂದು ವಿಂಗಡಿಸಲು ಪದ ಹಾಕಿ ಹುಡುಕುತ್ತೇವೆ. "ವಕೀಲ" ಎಂದು ಹುಡುಕಿ ಸಿಕ್ಕಿದ್ದನ್ನೆಲ್ಲ ಗೋಪ್ಯದ ಫೋಲ್ಡರಿಗೆ ಹಾಕಿ, ಉಳಿದದ್ದನ್ನು ಎದುರು ಪಕ್ಷಕ್ಕೆ ಕೊಟ್ಟರೆ ಕೆಲಸ ಕೆಟ್ಟಿತು.

ಕಾರಣಗಳು ಹಲವು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳು ನಮ್ಮ ಕಣ್ಣಿಗೆ ಕನ್ನಡ. ಗಣಕಯಂತ್ರಕ್ಕೆ ಅವು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಈಗ ಎಲ್ಲ ಯಂತ್ರಗಳೂ ಬಳಸುವ ಯುನಿಕೋಡ್ ಸಂಕೇತದಲ್ಲಿ ಪದ ಹಾಕಿದರೆ ಆ ಕಡತ ಸಿಗುವುದೇ ಇಲ್ಲ, "ಫಲಿತಾಂಶವಿಲ್ಲ" ಎಂಬ ಉತ್ತರ ಮಾತ್ರ ಬರುತ್ತದೆ. ಟೈಪಿಂಗ್ ಅಂಗಡಿಗಳಲ್ಲಿ ತಯಾರಾದ ಕರಾರು, ನೋಟಿಸುಗಳಲ್ಲಿ ಈ ಬಗೆಯವು ಬಹಳ. ಆದ್ದರಿಂದ ಹುಡುಕುವ ಮೊದಲು ಅವುಗಳ ಪ್ರತಿಯನ್ನು ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆ ಸರಿಯಾಗಿದೆಯೇ ಎಂದು ಕೆಲವು ಪುಟ ಓದಿ ನೋಡಬೇಕು. ಸ್ಕ್ಯಾನ್ ಮಾಡಿದ ಪಹಣಿ, ಕ್ರಯಪತ್ರಗಳು ಚಿತ್ರಗಳಷ್ಟೇ. ಅವುಗಳಲ್ಲಿ ಪದ ಹುಡುಕುವ ಪ್ರಶ್ನೆಯೇ ಇಲ್ಲ. ಅಕ್ಷರ ಗುರುತಿಸುವ ತಂತ್ರಾಂಶಗಳು ಕನ್ನಡದ ಒತ್ತಕ್ಷರಗಳಲ್ಲಿ ಎಡವುತ್ತವೆ. ಅಂಥವನ್ನು ಕಣ್ಣಿನಿಂದಲೇ ನೋಡಿ.

ಮೊಬೈಲಿನ ಕನ್ನಡದ ಕತೆಯೇ ಬೇರೆ. ಅರ್ಧ ಜನ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ, ಒಬ್ಬೊಬ್ಬರದು ಒಂದೊಂದು ಕಾಗುಣಿತ. ಹಣ ಎಂಬುದು ಬೆಂಗಳೂರಿನಲ್ಲಿ ದುಡ್ಡು, ಧಾರವಾಡದಲ್ಲಿ ರೊಕ್ಕ. ವಕೀಲರು ಎಂಬುದು ಲಾಯರ್, ಸಾಹೇಬರು, ಅಥವಾ ಬರೀ ಸಾರ್. ವಿಭಕ್ತಿ ಸೇರಿದರೆ ಪದದ ಬಾಲವೂ ಬದಲಾಗುತ್ತದೆ. ಹಾಗಾಗಿ ಪೂರ್ತಿ ಪದದ ಬದಲು ಅದರ ಮೊದಲ ಭಾಗವನ್ನಷ್ಟೇ ಹುಡುಕಿ. ಕಕ್ಷಿದಾರರನ್ನೇ ಕೂರಿಸಿಕೊಂಡು, "ನಿಮ್ಮ ಮನೆಯಲ್ಲಿ ನನ್ನನ್ನು ಏನೆಂದು ಕರೆಯುತ್ತೀರಿ? ಜಮೀನಿಗೆ ಏನೆನ್ನುತ್ತೀರಿ?" ಎಂದು ಕೇಳಿ ಪದಪಟ್ಟಿ ಮಾಡಿ. ಸಲಹೆ ಕೊಟ್ಟ ವಕೀಲರೆಲ್ಲರ ಮೊಬೈಲ್ ಸಂಖ್ಯೆ, ಇ-ಮೇಲ್ ವಿಳಾಸಗಳಿಂದಲೂ ಹುಡುಕಬೇಕು. ಪದಗಳಿಗಿಂತ ಅವು ಹೆಚ್ಚು ನಂಬಿಕಸ್ಥ. ಧ್ವನಿ ಸಂದೇಶಗಳು ಯಾವ ಹುಡುಕಾಟಕ್ಕೂ ಸಿಕ್ಕವು. ಬೇರೆ ದಾರಿಯಿಲ್ಲ, ಒಂದೊಂದನ್ನೂ ಕೇಳಬೇಕು.

ಅನುವಾದವೂ ಇದೇ ಸಾಲಿಗೆ ಸೇರಿದ್ದು. ಕೆಳಗಿನ ನ್ಯಾಯಾಲಯದ ಕನ್ನಡ ಸಾಕ್ಷ್ಯ ಹೈಕೋರ್ಟ್‌ಗೆ ಇಂಗ್ಲಿಷಿನಲ್ಲಿ ಹೋಗಬೇಕು, ನಾಳೆಯೇ ಗಡುವು. ಕಿರಿಯ ವಕೀಲರು ಪುಟಗಳನ್ನು ಉಚಿತ ಅನುವಾದ ತಾಣಕ್ಕೋ ಕೃತಕ ಬುದ್ಧಿಮತ್ತೆಯ ಚಾಟ್‌ಗೋ ಅಂಟಿಸುತ್ತಾರೆ. ಅಂಥ ಉಚಿತ ಸೇವೆಗಳಲ್ಲಿ ಹಲವು, ಬಳಕೆದಾರರು ಹಾಕಿದ ಪಠ್ಯವನ್ನು ಉಳಿಸಿಕೊಳ್ಳುವ ಹಕ್ಕನ್ನು ತಮ್ಮ ಷರತ್ತುಗಳಲ್ಲೇ ಇಟ್ಟುಕೊಂಡಿರುತ್ತವೆ. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ತನ್ನ ಜಿಲ್ಲಾ ನ್ಯಾಯಾಂಗಕ್ಕೆ ಹೊರಡಿಸಿದ ನೀತಿಯಲ್ಲಿ ಇದೇ ಆತಂಕವಿದೆ. ಬಳಸಲೇಬೇಕಾದರೆ ಹೆಸರು, ಊರು, ಸರ್ವೆ ನಂಬರ್, ಖಾತೆ ಸಂಖ್ಯೆಗಳನ್ನು ತೆಗೆದು "ವಾದಿ", "ಸ್ಥಳ 1" ಎಂದು ಹಾಕಿ ಕೊಡಿ. ಮೂಲ ಹೆಸರುಗಳನ್ನು ನಿಮ್ಮ ಯಂತ್ರದಲ್ಲೇ ಮತ್ತೆ ಸೇರಿಸಿ. ಪೋಕ್ಸೊ ಅಥವಾ ಅತ್ಯಾಚಾರದ ಪ್ರಕರಣವಾದರೆ ಹೊರಗಿನ ಸೇವೆಯೇ ಬೇಡ.

ಐದನೆಯದು: ಗೋಪ್ಯವನ್ನು ಬೇರ್ಪಡಿಸಿ

ಕಕ್ಷಿದಾರರು ವಕೀಲರಿಗೆ ಹೇಳಿದ್ದು, ವಕೀಲರು ಅವರಿಗೆ ಕೊಟ್ಟ ಸಲಹೆ, ಎರಡಕ್ಕೂ ಸಾಕ್ಷ್ಯ ಅಧಿನಿಯಮದ 132ನೇ ಕಲಂ ರಕ್ಷಣೆ ಇದೆ. ವಕಾಲತ್ತು ಮುಗಿದ ಮೇಲೂ ಅದು ಮುಂದುವರಿಯುತ್ತದೆ. ಗುಮಾಸ್ತರು, ಇತರ ನೌಕರರು, ದುಭಾಷಿಗಳು ಕೂಡ ಇದಕ್ಕೆ ಬದ್ಧರು. ಇದನ್ನು ನಿಮ್ಮ ಗುಮಾಸ್ತರಿಗೆ ಎಂದಾದರೂ ಹೇಳಿದ್ದೀರಾ? ಕಾನೂನುಬಾಹಿರ ಉದ್ದೇಶ ಸಾಧನೆಗಾಗಿ ನಡೆದ ಮಾತುಕತೆಗೆ ಈ ರಕ್ಷಣೆಯಿಲ್ಲ. ತಡೆಹಿಡಿದ ದಾಖಲೆಗಳ ಪಟ್ಟಿಯೊಂದನ್ನು ಬರೆದಿಡಿ: ದಿನಾಂಕ, ಯಾರಿಂದ ಯಾರಿಗೆ, ಯಾಕೆ ತಡೆದಿರಿ. ಒಳಗಿನ ವಿಷಯ ಅದರಲ್ಲಿ ಬೇಡ.

ಆರನೆಯದು: ಕಪ್ಪು ಬಳಿದರೆ ಅಳಿಯಿತೆಂದಲ್ಲ

2019ರ ಜನವರಿಯಲ್ಲಿ ಟ್ರಂಪ್ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಕೆಲವು ಸಾಲುಗಳ ಮೇಲೆ ಕಪ್ಪು ಪಟ್ಟಿ ಇತ್ತು. ಪತ್ರಕರ್ತರು ಆ ಸಾಲುಗಳನ್ನು ಆಯ್ದು, ನಕಲಿಸಿ, ಬೇರೆಡೆ ಅಂಟಿಸಿದರು. ಅಡಗಿಸಿದ್ದೆಲ್ಲ ಓದಲು ಸಿಕ್ಕಿತು. ನಮ್ಮಲ್ಲೂ ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದು ಇ-ಫೈಲಿಂಗ್ ಮಾಡುತ್ತಾರೆ. ಕೆಳಗಿನ ಅಕ್ಷರ ಹಾಗೆಯೇ ಉಳಿದಿರುತ್ತದೆ. ಪಠ್ಯವನ್ನು ನಿಜವಾಗಿ ತೆಗೆದುಹಾಕುವ ಸೌಲಭ್ಯವಿರುವ ತಂತ್ರಾಂಶ ಬಳಸಿ. ಅದಿಲ್ಲದವರಿಗೆ ಹಳೆಯ ವಿಧಾನವೇ ಭದ್ರ: ಚೌಕ ಎಳೆದ ಪುಟವನ್ನು ಮುದ್ರಿಸಿ, ಮತ್ತೆ ಸ್ಕ್ಯಾನ್ ಮಾಡುವುದು. ಕಾಗದದ ಮೇಲೆ ಮಾರ್ಕರ್ ಬಳಿದರೆ ಬೆಳಕಿಗೆ ಹಿಡಿದಾಗ ಅಕ್ಷರ ಕಾಣಬಹುದು, ಆದ್ದರಿಂದ ಅದರ ಜೆರಾಕ್ಸ್ ಕೊಡಿ. ಯಾವ ವಿಧಾನವಾದರೂ ಕೊನೆಗೆ ನೀವೇ ನಕಲಿಸಿ ಅಂಟಿಸಿ ಪರೀಕ್ಷಿಸಿ.

ಆಧಾರ್ ಪ್ರತಿ ಬೇಕಾದಲ್ಲಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಎಂದು ನೋಡಿ. ಎಕ್ಸೆಲ್‌ನಲ್ಲಿ ಅಡಗಿಸಿದ ಕಾಲಂ, ವರ್ಡ್ ಕಡತದ ಬದಿಯ ಟಿಪ್ಪಣಿ, ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದ ಫೋಟೊದೊಳಗಿನ ಸ್ಥಳದ ಗುರುತು, ಇವೂ ಕಡತದ ಜತೆಯಲ್ಲೇ ಹೋಗುತ್ತವೆ. ಹಾಗೆಂದು ಮೂಲ ಸಾಕ್ಷ್ಯದಿಂದ ಇವನ್ನು ತೆಗೆಯಬೇಡಿ. ನೀವು ಬರೆದ ಕರಡಿನಿಂದ ತೆಗೆಯಿರಿ.

ಏಳನೆಯದು: ಕೊಡುವಾಗ

ಕೊಡುವ ಪೆನ್‌ಡ್ರೈವನ್ನು ಬೇರೊಂದು ಯಂತ್ರದಲ್ಲಿ ತೆರೆದು, ಕಡತಗಳ ಸಂಖ್ಯೆಯನ್ನು ಪಟ್ಟಿಯೊಂದಿಗೆ ತಾಳೆ ನೋಡಿ. ಈ ಕೆಲಸವನ್ನು ವಿಂಗಡಣೆ ಮಾಡಿದವರ ಬದಲು ಇನ್ನೊಬ್ಬರು ಮಾಡಲಿ. ವೆಲ್ಸ್ ಫಾರ್ಗೊ ಪ್ರಕರಣದ ಸಿ.ಡಿ. ಈ ಒಂದು ತಾಳೆಯಿಂದ ನಿಲ್ಲಬಹುದಿತ್ತು. ಪೆನ್‌ಡ್ರೈವ್‌ಗೆ ಹಾಕಿದ ಪಾಸ್‌ವರ್ಡನ್ನು ಬೇರೆ ದಾರಿಯಲ್ಲಿ ತಿಳಿಸಿ.

ತಪ್ಪಿ ಹೋದರೆ? ಅಮೆರಿಕದ ಸಾಕ್ಷ್ಯ ನಿಯಮ 502ರಲ್ಲಿ, ಅಚಾತುರ್ಯದಿಂದ ಕೊಟ್ಟ ಗೋಪ್ಯ ದಾಖಲೆಯ ರಕ್ಷಣೆ ಉಳಿಸಿಕೊಳ್ಳಲು ದಾರಿಯಿದೆ, ಆದರೆ ತಡಮಾಡದೆ ಕೇಳಬೇಕು. 2022ರಲ್ಲಿ ಟೆಕ್ಸಸ್‌ನಲ್ಲಿ ಟಾಕ್ ಶೋ ನಿರೂಪಕ ಅಲೆಕ್ಸ್ ಜೋನ್ಸ್ ಪರ ವಕೀಲರ ಕಡೆಯಿಂದ ಆತನ ಮೊಬೈಲಿನ ಸಂದೇಶಗಳೆಲ್ಲ ಎದುರು ವಕೀಲರಿಗೆ ಹೋಗಿದ್ದವು. ಎದುರಿನವರು ತಿಳಿಸಿದ ಮೇಲೂ ಗಡುವಿನೊಳಗೆ ಸರಿಯಾದ ಆಕ್ಷೇಪ ಬರಲಿಲ್ಲ; ಅವು ತೀರ್ಪುಗಾರರ ಮುಂದೆಯೇ ಪಾಟಿಸವಾಲಿಗೆ ಬಂದವು. ನಮ್ಮ 11ನೇ ಆದೇಶದಲ್ಲಿ ಅಂಥ ಹಿಂಪಡೆಯುವ ಏರ್ಪಾಡಿಲ್ಲ. ಹಾಗಾಗಿ ದಾಖಲೆ ವಿನಿಮಯಕ್ಕೆ ಮುನ್ನವೇ, ತಪ್ಪಿ ಬಂದದ್ದನ್ನು ಓದದೆ ಮರಳಿಸುವುದಾಗಿ ಎರಡೂ ಕಡೆಯವರು ಲಿಖಿತವಾಗಿ ಒಪ್ಪಿಕೊಂಡು, ಸಾಧ್ಯವಾದರೆ ನ್ಯಾಯಾಲಯದ ಆದೇಶದಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು. ವ್ಯಾಪಾರದ ಗುಟ್ಟುಗಳಿದ್ದರೆ, ಆಯ್ದ ವಕೀಲರು ಮತ್ತು ತಜ್ಞರಷ್ಟೇ ದಾಖಲೆ ನೋಡುವ ವ್ಯವಸ್ಥೆಯನ್ನು ಕೇಳಬಹುದು. ದೆಹಲಿ ಹೈಕೋರ್ಟ್‌ನ 2018ರ ಮೂಲ ವ್ಯಾಜ್ಯ ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ.

ಪೊಲೀಸರು ನಿಮ್ಮ ಲ್ಯಾಪ್‌ಟಾಪನ್ನೇ ಕೇಳಿದರೆ

ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ ದಾರಿ ತೋರಿಸಿದೆ. ವಕೀಲರ ಡಿಜಿಟಲ್ ಸಾಧನವನ್ನು ತನಿಖಾಧಿಕಾರಿ ಕೇಳಿದರೆ ಅದನ್ನು ನ್ಯಾಯಾಲಯದ ಮುಂದೆಯೇ ಹಾಜರುಪಡಿಸಬೇಕು. ಕಕ್ಷಿದಾರರಿಗೂ ನೋಟಿಸ್ ಹೋಗಿ, ಆಕ್ಷೇಪಗಳ ವಿಚಾರಣೆಯಾಗಬೇಕು. ಕಕ್ಷಿದಾರರು ಮತ್ತು ವಕೀಲರ ಸಮ್ಮುಖದಲ್ಲೇ ಅದನ್ನು ತೆರೆಯಬೇಕು, ಇತರ ಕಕ್ಷಿದಾರರ ಗೋಪ್ಯತೆಗೆ ಧಕ್ಕೆಯಾಗಬಾರದು. ಪ್ರಕರಣಕ್ಕೊಂದು ಫೋಲ್ಡರ್ ಎಂದು ಮೇಲೆ ಹೇಳಿದ್ದು ಇಂಥ ದಿನಕ್ಕೂ ಆಗುತ್ತದೆ: ಎಲ್ಲವೂ ಡೆಸ್ಕ್‌ಟಾಪ್ ಮೇಲೆ ಚೆಲ್ಲಿದ್ದರೆ ಯಾರದ್ದನ್ನು ಬಿಟ್ಟು ಯಾರದ್ದನ್ನು ತೆರೆಯುವುದು?

ಕೊನೆಗೆ: ಕಡತ ಮುಚ್ಚುವಾಗ

ಮೇಲ್ಮನವಿಯ ಅವಧಿ ಮುಗಿದ ಮೇಲೆ ಮೊಬೈಲ್, ಪೆನ್‌ಡ್ರೈವ್‌ಗಳನ್ನು ಮರಳಿಸಿ, ಮೊದಲ ದಿನದ ರಶೀದಿಯ ಕೆಳಗೇ ಸಹಿ ಪಡೆಯಿರಿ. ಕೆಲಸದ ಪ್ರತಿಗಳನ್ನು ಎಷ್ಟು ವರ್ಷ ಇಡುವಿರಿ ಎಂದು ವಕಾಲತ್ತಿನ ಜತೆಯ ಪತ್ರದಲ್ಲೇ ತಿಳಿಸಿದ್ದರೆ, ಅಳಿಸುವ ದಿನ ಯಾರನ್ನೂ ಕೇಳಬೇಕಿಲ್ಲ. ಕಿರಿಯ ವಕೀಲರ ಮೊಬೈಲ್, ಕಚೇರಿಯ ವಾಟ್ಸ್‌ಆ್ಯಪ್ ಗುಂಪು, ಇ-ಮೇಲ್‌ನ ಕಳುಹಿಸಿದ ಪೆಟ್ಟಿಗೆ, ಬಾಡಿಗೆಗೆ ತಂದ ಜೆರಾಕ್ಸ್ ಯಂತ್ರದ ಹಾರ್ಡ್‌ಡಿಸ್ಕ್, ಇವುಗಳಲ್ಲೂ ಪ್ರತಿ ಇರಬಹುದು. ಹಳೆಯ ಕಂಪ್ಯೂಟರನ್ನು ವಿನಿಮಯಕ್ಕೆ ಕೊಡುವ ಮುನ್ನ ಡಿಸ್ಕನ್ನು ಬಿಚ್ಚಿ ಇಟ್ಟುಕೊಳ್ಳಿ. ಅದಿಲ್ಲದೆ ಬೆಲೆ ಕಡಿಮೆ ಎಂದರೆ, ಆ ಬೆಲೆಗೇ ಕೊಡಿ.