ತೋಡಿಯ ಗಾಂಧಾರಕ್ಕೆ ದಕ್ಕೆಯ ದೋಣಿಗಳು

ಕರ್ನಾಟಕ ಶಾಸ್ತ್ರೀಯ ಸಂಗೀತಕ್ಕೆ ವೀಡಿಯೊ ಕೃತಿಯನ್ನು ರಚಿಸಲು ಹೊರಟವರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದ ವಿಷಯವೆಂದರೆ, ಕಛೇರಿಯ ವೇದಿಕೆಯಲ್ಲಿ ಚಿತ್ರ ಯಾರ ಸಾಲಿನಲ್ಲಿ ಕೂರಬೇಕು ಎಂಬುದು. ನಾನು ಅದನ್ನು ಪಕ್ಕವಾದ್ಯದವರ ಸಾಲಿನಲ್ಲಿ ಕೂರಿಸಿದೆ. ಆಲಾಪನೆಯ, ಅಂದರೆ ತಾಳವಿಲ್ಲದೆ ರಾಗವನ್ನು ಬಿಡಿಸುವ, ಹೊತ್ತಿನಲ್ಲಿ ಪಿಟೀಲು ಮುಖ್ಯ ಕಲಾವಿದರಿಗಿಂತ ಅರೆಕ್ಷಣ ಹಿಂದೆ ನಡೆಯುತ್ತದೆ, ಅವರು ನಿಲ್ಲಿಸಿದ ಸ್ವರವನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ, ತನ್ನ ಸರದಿ ಬಂದಾಗ ಮಾತ್ರ ರಾಗವನ್ನು ಸ್ವಂತವಾಗಿ ಬಿಡಿಸುತ್ತದೆ. ಮೃದಂಗವಂತೂ ತಾಳ ಆರಂಭವಾಗುವವರೆಗೆ ಸುಮ್ಮನಿರುತ್ತದೆ. ಚಿತ್ರಕ್ಕೂ ಇದೇ ಶಿಸ್ತು ಸಾಕು ಎಂಬುದು ನನ್ನ ನಂಬಿಕೆ, ಮುಂದೆ ಹೇಳುವ ಎಲ್ಲವೂ ಅದರಿಂದಲೇ ಹುಟ್ಟಿದ್ದು.

ಉಡುಪಿಯಲ್ಲಿ ವೀಣೆ ಕಲಿಸುವ ಸ್ನೇಹಿತೆಯೊಬ್ಬರು ತೋಡಿ ರಾಗದ ಆಲಾಪನೆಯನ್ನೂ ಮುತ್ತುಸ್ವಾಮಿ ದೀಕ್ಷಿತರ (1775–1835) ‘ಶ್ರೀಕೃಷ್ಣಂ ಭಜ ಮಾನಸ’ ಕೃತಿಯನ್ನೂ ನನಗಾಗಿ ನುಡಿಸಿ ಧ್ವನಿಮುದ್ರಣ ಮಾಡಿಕೊಟ್ಟರು. ಮೇಳ ಎಂದು ಕರೆಯುವ ಮೂಲರಾಗಗಳ ಪಟ್ಟಿಯಲ್ಲಿ ತೋಡಿ ಎಂಟನೆಯದು. ಅದರ ಜೀವ ಗಾಂಧಾರದಲ್ಲಿ, ಅಂದರೆ ಸರಿಗಮದ ‘ಗ’ ಸ್ವರದಲ್ಲಿದೆ, ಮತ್ತು ಆ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ಅದರ ಅಕ್ಕಪಕ್ಕದ ರಿಷಭ (ರಿ) ಮಧ್ಯಮಗಳ (ಮ) ನಡುವೆ ತೂಗಾಡುತ್ತಲೇ ಅದು ಗಾಂಧಾರವಾಗುತ್ತದೆ. ಸ್ವರದ ಏರಿಳಿತವನ್ನು ರೇಖೆಯಾಗಿ ತೋರಿಸುವ ತಂತ್ರಾಂಶದಲ್ಲಿ ಈ ಧ್ವನಿಮುದ್ರಣವನ್ನು ತೆರೆದಾಗ ಷಡ್ಜ (ಸ), ಪಂಚಮಗಳು (ಪ) ನೇರ ಗೆರೆಗಳಾಗಿ ಕಂಡವು, ಗಾಂಧಾರದ ಜಾಗದಲ್ಲಿ ಅಲೆ ಮಾತ್ರ ಇತ್ತು.

ಶಬ್ದಕ್ಕೆ ತಾನಾಗಿ ಪ್ರತಿಕ್ರಿಯಿಸುವ ದೃಶ್ಯಗಳನ್ನು ತಯಾರಿಸುವ ತಂತ್ರಾಂಶಗಳು ಈಗ ಸುಲಭವಾಗಿ ಸಿಗುತ್ತವೆ, ಹೊಸಬರು ಮೊದಲು ಕೈಹಾಕುವುದೂ ಅದಕ್ಕೇ. ಅವುಗಳಲ್ಲಿ ಹೆಚ್ಚಿನವು ಶಬ್ದದ ಜೋರನ್ನು ಅಳೆದು ಚಿತ್ರವನ್ನು ಕುಣಿಸುತ್ತವೆ. ವೀಣೆಯ ಮಟ್ಟಿಗೆ ಈ ದಾರಿ ನಿಷ್ಪ್ರಯೋಜಕ ಎಂದೇ ಹೇಳುತ್ತೇನೆ. ಏಕೆಂದರೆ ಮೀಟಿದ ಕ್ಷಣದಲ್ಲಿ ನಾದ ಅತ್ಯಂತ ಜೋರಾಗಿರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಎಡಗೈ ತಂತಿಯನ್ನು ಎಳೆದು ಗಮಕವನ್ನು, ಅಂದರೆ ಸ್ವರದ ತೂಗಾಟವನ್ನು, ತೆಗೆಯುವುದು ಆ ಇಳಿಯುವ ನಾದದೊಳಗೇ. ಅಂದರೆ ಯಂತ್ರ ಜಿಗಿಯುವುದು ಮೀಟಿಗೆ, ರಸಿಕರು ತಲೆದೂಗುವುದು ಮೀಟಿನ ನಂತರ ನಡೆಯುವುದಕ್ಕೆ. ನನ್ನ ಸ್ನೇಹಿತೆ ಇದನ್ನೇ, “ಚಿತ್ರ ಏನಾದರೂ ಇರಲಿ ಮಾರಾಯ, ನನ್ನ ಮೀಟಿಗೆ ಅದು ಕುಣಿಯಬಾರದು” ಎಂದು ಮೊದಲ ಮಾತಿನಲ್ಲೇ ಹೇಳಿಬಿಟ್ಟಿದ್ದರು.

ಆದ್ದರಿಂದ ಗಾಂಧಾರದಂತೆ ಎರಡು ಎಲ್ಲೆಗಳ ನಡುವೆ ನಿಲ್ಲದೆ ತೂಗುವ ವಸ್ತುವನ್ನೇ ನಿಜಜಗತ್ತಿನಲ್ಲಿ ಹುಡುಕಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಮಂಗಳೂರಿನ ದಕ್ಕೆಯಲ್ಲಿ (ಮೀನುಗಾರಿಕಾ ಬಂದರಿನಲ್ಲಿ) ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿರುತ್ತವೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುವ ಜಾಗ ಅಲ್ಲಿಂದ ದೂರವಿಲ್ಲ. ಮಳೆಗಾಲದ ಹೊಳೆನೀರು ಹೊರಗೆ ನುಗ್ಗುತ್ತಿರುವಾಗಲೇ ಭರತದ ನೀರು ಎದುರಿನಿಂದ ಒಳಗೆ ಬರುವ ಹೊತ್ತಿನಲ್ಲಿ ಬೋಟುಗಳು ಮುಂದಕ್ಕೂ ಹೋಗದೆ ಹಿಂದಕ್ಕೂ ಸರಿಯದೆ ಒಂದೇ ಸಮನೆ ಹೊಯ್ದಾಡುತ್ತವೆ. ಪ್ರತಿಯೊಂದು ಬೋಟಿನ ತೂಕ ಬೇರೆ, ಹಗ್ಗದ ಸಡಿಲ ಬೇರೆ, ಹಾಗಾಗಿ ಓಲಾಟದ ಗತಿಯೂ ಬೇರೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ, ಮೂತಿಯ ಭಾಗವನ್ನಷ್ಟೇ ಹತ್ತಿರದಿಂದ ತೆಗೆದೆ. ಚಿತ್ರಿಸಿದ ತುಣುಕುಗಳ ವೇಗವನ್ನು ಹಿಗ್ಗಿಸಿ ಕುಗ್ಗಿಸಿ ಸ್ವರಕ್ಕೆ ಹೊಂದಿಸುವ ಕೆಲಸವನ್ನು ಮಾಡಲಿಲ್ಲ, ಏಕೆಂದರೆ ನೀರಿನ ಭಾರ ಸುಳ್ಳಾದರೆ ಕಣ್ಣಿಗೆ ತಕ್ಷಣ ತಿಳಿಯುತ್ತದೆ. ಗತಿ ತಾನಾಗಿ ಹತ್ತಿರ ಬರುವ ತುಣುಕನ್ನು ಆರಿಸಿದೆ, ಅಷ್ಟೇ. ಸ್ಥಳದ ಶಬ್ದವನ್ನು ಪೂರ್ತಿ ತೆಗೆದುಹಾಕಿದೆ. ಮಳೆಯ ಸದ್ದು ಎಷ್ಟೇ ಹಿತವಾಗಿದ್ದರೂ ತಂಬೂರದ ಶ್ರುತಿಯನ್ನು ಮುಚ್ಚಿಬಿಡುತ್ತದೆ.

ಆಲಾಪನೆಯಲ್ಲಿ ತಾಳವಿಲ್ಲ, ಆದ್ದರಿಂದ ಅಲ್ಲಿ ಕತ್ತರಿಯೂ ಇಲ್ಲ: ಒಂದೇ ದೀರ್ಘ ದೃಶ್ಯ. ಕೃತಿ ಆರಂಭವಾದ ಮೇಲೆಯೇ ದೃಶ್ಯಗಳು ಬದಲಾಗತೊಡಗುತ್ತವೆ. ಈ ಕೃತಿ ಆದಿತಾಳದ್ದು, ಆವರ್ತಕ್ಕೆ ಎಂಟು ಅಕ್ಷರ. ಅಕ್ಷರಕ್ಕೆ ಒಂದು ಸೆಕೆಂಡಿನ ಕಾಲಪ್ರಮಾಣವೆಂದು ಇಟ್ಟುಕೊಂಡರೆ, ಸೆಕೆಂಡಿಗೆ 24 ಫ್ರೇಮಿನ ವೀಡಿಯೊದಲ್ಲಿ ಅಕ್ಷರವನ್ನು ನಾಲ್ಕು ಮಾತ್ರೆಗಳಾಗಿ ಒಡೆಯುವ ಚತುರಶ್ರ ನಡೆಯ ಒಂದು ಮಾತ್ರೆಗೆ 6 ಫ್ರೇಮು, ಮೂರಾಗಿ ಒಡೆಯುವ ತಿಶ್ರ ನಡೆಯ ಮಾತ್ರೆಗೆ 8 ಫ್ರೇಮು ಸರಿಯಾಗಿ ಬೀಳುತ್ತದೆ. 25 ಫ್ರೇಮಿನಲ್ಲಿ ಇವೆರಡೂ ಕೂಡುವುದಿಲ್ಲ, ಐದಾಗಿ ಒಡೆಯುವ ಖಂಡ ನಡೆ ಮಾತ್ರ ಐದೈದು ಫ್ರೇಮಾಗಿ ಕೂಡುತ್ತದೆ. ಲೆಕ್ಕ ಚೆಂದವೇ, ಆದರೆ ಮೆಟ್ರೊನೋಮ್ ಇಲ್ಲದೆ ನುಡಿಸಿದ ವೀಣೆ ಯಾವ ಲೆಕ್ಕದ ಚೌಕಕ್ಕೂ ಪೂರ್ತಿ ಒಗ್ಗುವುದಿಲ್ಲ, ಒಗ್ಗಬೇಕಾದ ಅಗತ್ಯವೂ ಇಲ್ಲ. ಹಾಗಾಗಿ ಧ್ವನಿಮುದ್ರಣವನ್ನು ಹಾಕಿಕೊಂಡು ಒಂದು ಕೈಯಲ್ಲಿ ತಾಳ ಹಾಕುತ್ತಾ, ಪ್ರತಿ ಸಮಕ್ಕೂ (ಆವರ್ತದ ಮೊದಲ ಪೆಟ್ಟಿಗೂ) ಇನ್ನೊಂದು ಕೈಯಿಂದ ಎಡಿಟಿಂಗ್ ತಂತ್ರಾಂಶದಲ್ಲಿ ಗುರುತು ಒತ್ತಿದೆ. ಕತ್ತರಿಸುವಾಗ ಆ ಗುರುತುಗಳನ್ನು ಉದ್ದೇಶಪೂರ್ವಕವಾಗಿ ತಪ್ಪಿಸಿದೆ. ಸಭೆಯಲ್ಲಿ ಕುಳಿತ ಅರ್ಧ ಜನ ತೊಡೆಯ ಮೇಲೆ ತಾಳ ಹಾಕುತ್ತಿರುವಾಗ ಪರದೆಯೂ ಅದನ್ನೇ ಹಾಕಿದರೆ ಅದು ಬರಿಯ ಪುನರುಕ್ತಿ. ಸಾಹಿತ್ಯದ ಸಾಲು ಶುರುವಾಗುವ ಎತ್ತುಗಡೆಗೆ, ಇಲ್ಲವೇ ಸ್ವರವನ್ನು ಎಳೆದು ನಿಲ್ಲಿಸುವ ದೀರ್ಘ ಕಾರ್ವೆಯ ಮಧ್ಯದಲ್ಲಿ ದೃಶ್ಯ ಬದಲಾದರೆ ಅದು ಕಿವಿಗೆ ಅಡ್ಡ ಬರುವುದಿಲ್ಲ. ದೀಕ್ಷಿತರ ಕೃತಿಗಳಲ್ಲಿ ಸಾಮಾನ್ಯವಾಗಿ ಬರುವ ಮಧ್ಯಮಕಾಲದ ಭಾಗದಲ್ಲಿ ತಾಳ ಅದೇ ಇದ್ದು ಸಾಹಿತ್ಯ ಮಾತ್ರ ಇಮ್ಮಡಿ ದಟ್ಟವಾಗುತ್ತದೆ. ಅಲ್ಲಿ ದೃಶ್ಯಗಳನ್ನು ಬೇಗ ಬೇಗ ಬದಲಿಸದೆ, ಒಂದೇ ಚೌಕಟ್ಟಿನೊಳಗೆ ಅನೇಕ ಬೋಟುಗಳು ತುಂಬಿರುವಂತೆ ನೋಡಿಕೊಂಡೆ.

ಕೃತಿ ಗುರುವಾಯೂರಿನ ಕೃಷ್ಣನನ್ನು ಕುರಿತದ್ದು. ಉಡುಪಿಯ ಒಂದು ಮನೆಯ ಚಾವಡಿಯಲ್ಲಿ ವೀಡಿಯೊವನ್ನು ತೋರಿಸಿದಾಗ ಹಿರಿಯರೊಬ್ಬರು, ಕೃಷ್ಣನ ಊರಿನಲ್ಲೇ ಕೃಷ್ಣ ಕಾಣಿಸಲಿಲ್ಲವಲ್ಲ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ವೀಣೆಯಲ್ಲಿ ಸಾಹಿತ್ಯ ಕೇಳಿಸುವುದಿಲ್ಲ. ಕೃತಿಯನ್ನು ಬಲ್ಲವರು ಅದನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾರೆ, ಮೂರ್ತಿಯನ್ನೂ ಅಲ್ಲಿಯೇ ಕಾಣುತ್ತಾರೆ. ಅದರ ಮೇಲೆ ನಾನೊಂದು ಮೂರ್ತಿಯನ್ನು ತಂದಿರಿಸಿದರೆ ಅವರದು ಮರೆಯಾಗುತ್ತದೆ ಎಂದು ಉತ್ತರಿಸಿದೆ. ಅವರು ಒಪ್ಪಿದರೆಂದು ಹೇಳಲಾರೆ.

ವೀಣೆಯನ್ನು ಎದುರಿಗೇ ನುಡಿಸಿ ಚಿತ್ರ ತೋರಿಸುವುದು ಬೇರೆಯೇ ಕೆಲಸ. ಜರ್ಮನಿಯ ಅನಿಮೇಷನ್ ಕಲಾವಿದ ಆಸ್ಕರ್ ಫಿಶಿಂಗರ್ 1931ರಲ್ಲಿ ಬ್ರಾಮ್ಸ್‌ ರಚಿಸಿದ ಹಂಗೇರಿಯನ್ ನೃತ್ಯಕ್ಕೆ ಇದ್ದಿಲಿನ ಗೆರೆಗಳನ್ನು ಫ್ರೇಮು ಫ್ರೇಮಾಗಿ ಬರೆದು ಹೊಂದಿಸಿದ್ದರು. ಅದು ಸಾಧ್ಯವಾದದ್ದು ಆ ಸಂಗೀತ ಬರಹದಲ್ಲಿ ಸ್ಥಿರವಾಗಿದ್ದುದರಿಂದ ಮತ್ತು ಮುದ್ರಿತ ಧ್ವನಿ ಕೈಯಲ್ಲಿದ್ದುದರಿಂದ. ಮನೋಧರ್ಮದಿಂದ, ಅಂದರೆ ಆ ಕ್ಷಣದ ಕಲ್ಪನೆಯಿಂದ, ಹುಟ್ಟುವ ಆಲಾಪನೆ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಆದ್ದರಿಂದ ತುಣುಕುಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡು, ವೇದಿಕೆಯ ಪಕ್ಕದಲ್ಲಿ ಕುಳಿತು, ಕಲಾವಿದೆ ಯಾವ ಸ್ವರದಲ್ಲಿ ನಿಲ್ಲುತ್ತಾರೆ ಎಂಬುದನ್ನು ಕೇಳಿಕೊಂಡು ಒಂದೊಂದನ್ನೇ ಕೈಯಾರೆ ಬಿಡುತ್ತೇನೆ. ತೋಡಿಯ ಸಂಚಾರಗಳ ಪರಿಚಯವಿಲ್ಲದವರಿಗೆ ಇದು ಸಾಧ್ಯವಿಲ್ಲ. ಕನಿಷ್ಠ ವರ್ಣವೊಂದನ್ನಾದರೂ ಹಾಡಲು ಕಲಿತು ಬನ್ನಿ ಎಂದು ನನ್ನಲ್ಲಿ ವಿಚಾರಿಸುವ ಯುವಕ ಯುವತಿಯರಿಗೆ ಹೇಳುತ್ತೇನೆ.

ಹಕ್ಕುಗಳ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ದೀಕ್ಷಿತರ ಕೃತಿಗೆ ಯಾರ ಅನುಮತಿಯೂ ಬೇಡ. ಧ್ವನಿಮುದ್ರಣಕ್ಕೆ ಮಾತ್ರ ನಮ್ಮ ದೇಶದ ಕಾಯಿದೆಯಂತೆ 60 ವರ್ಷಗಳ ಹಕ್ಕುಸ್ವಾಮ್ಯವಿದೆ, ನುಡಿಸಿದವರಿಗೂ ಪ್ರತ್ಯೇಕ ಹಕ್ಕಿದೆ. ಅಂತರ್ಜಾಲದಿಂದ ಇಳಿಸಿಕೊಂಡ ಕಛೇರಿಗೆ ಚಿತ್ರ ಜೋಡಿಸುವ ಬದಲು, ಊರಿನಲ್ಲೇ ಇರುವ ಕಲಾವಿದರಿಂದ ಹೊಸದಾಗಿ ನುಡಿಸಿಕೊಳ್ಳಿ, ಒಪ್ಪಂದವನ್ನು ಬರೆದಿಟ್ಟುಕೊಳ್ಳಿ. ನಾವಿಬ್ಬರೂ ಸಂಭಾವನೆಯನ್ನು ಸಮನಾಗಿ ಹಂಚಿಕೊಳ್ಳುತ್ತೇವೆ, ಪರದೆಯ ಮೇಲೆ ಅವರ ಹೆಸರು ಮೊದಲು ಬರುತ್ತದೆ.